ಮಣ್ಣು ಬೇಡದ ಗಿಡಗಳ ಕಾಡಿನಲ್ಲಿ

ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಟಾಂಪಾ ಮತ್ತು ಮಯಾಮಿ ನಗರಗಳನ್ನು ಜೋಡಿಸುವ ಹಳೆಯ ಹೆದ್ದಾರಿಯೊಂದಿದೆ. ಎರಡೂ ಊರುಗಳ ಹೆಸರನ್ನು ಕತ್ತರಿಸಿ ಸೇರಿಸಿ ಅದನ್ನು ‘ಟಮಯಾಮಿ ಟ್ರೇಲ್’ ಎಂದು ಕರೆದಿದ್ದಾರೆ. 1928ರಲ್ಲಿ ಸಂಚಾರಕ್ಕೆ ತೆರೆದ ಈ ರಸ್ತೆ ಎವರ್‌ಗ್ಲೇಡ್ಸ್‌ನ ಜೌಗು ನಾಡನ್ನು ಸೀಳಿಕೊಂಡು ಹೋಗುತ್ತದೆ. ರಸ್ತೆಯ ಮಗ್ಗುಲಲ್ಲೇ ಕಾಲುವೆ, ದಡದಲ್ಲಿ ಬಿಸಿಲು ಕಾಯಿಸುತ್ತ ಬಿದ್ದಿರುವ ಅಲಿಗೇಟರ್ ಮೊಸಳೆಗಳು, ಆಚೆಗೆ ಕಣ್ಣು ಹಾಯುವಷ್ಟು ದೂರ ಹುಲ್ಲು. ಪ್ರವಾಸಿಗರ ಕ್ಯಾಮೆರಾಗಳೆಲ್ಲ ಮೊಸಳೆಗಳ ಕಡೆಗೇ ತಿರುಗುತ್ತವೆ. ತಲೆ ಎತ್ತಿ ಮರಗಳತ್ತ ನೋಡುವವರು ಕಡಿಮೆ.

ಮಯಾಮಿಯಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರ್ ದಾಟಿದ ಮೇಲೆ ಸಿಗುವುದು ಫಕಹ್ಯಾಚಿ ಸ್ಟ್ರ್ಯಾಂಡ್ ಎಂಬ ಕಾಡು. ಉದ್ದ ಸುಮಾರು 32 ಕಿಲೋಮೀಟರ್, ಅಗಲ 8 ಕಿಲೋಮೀಟರ್. ಎರಡನೇ ಮಹಾಯುದ್ಧದ ಕಾಲದಿಂದ 1950ರ ದಶಕದವರೆಗೆ ಇಲ್ಲಿನ ಮುದಿ ಸೈಪ್ರೆಸ್ ಮರಗಳನ್ನು ಕಡಿದು ರೈಲಿನಲ್ಲಿ ಸಾಗಿಸಿದರು. ಅಲ್ಲಲ್ಲಿ ಉಳಿದುಕೊಂಡ ಹಳೆಯ ಮರಗಳ ನಡುವೆ ಈಗ ಮರದ ಹಲಗೆ ಹಾಸಿದ ಕಾಲುದಾರಿ ಮಾಡಿದ್ದಾರೆ. ಕೆಳಗೆ ಕಪ್ಪು ನೀರು, ಮೇಲೆ ಸೈಪ್ರೆಸ್ ಮತ್ತು ರಾಯಲ್ ಪಾಮ್ ಮರಗಳ ಚಪ್ಪರ. ಆ ಮರಗಳ ಕವಲುಗಳಲ್ಲಿ ಯಾರೋ ಅನಾನಸಿನ ಗಿಡಗಳನ್ನು ತಂದು ಸಿಕ್ಕಿಸಿ ಹೋದಂತೆ ಕಾಣುತ್ತದೆ.

ಅವು ನಿಜಕ್ಕೂ ಅನಾನಸಿನ ನೆಂಟರೇ. ಬ್ರೊಮೀಲಿಯಡ್ ಎಂಬ ಕುಟುಂಬದ ಟಿಲಾಂಡ್ಸಿಯಾ ಕುಲಕ್ಕೆ ಸೇರಿದ ಗಿಡಗಳು. ಜನ ಇವನ್ನು ‘ಏರ್ ಪ್ಲಾಂಟ್’, ಅಂದರೆ ಗಾಳಿಗಿಡ ಎನ್ನುತ್ತಾರೆ. ನಮ್ಮ ಮಾವಿನ ಮರದ ಬಂದಣಿಕೆಯಂತೆ ಇವು ಮರದ ರಸ ಹೀರುವುದಿಲ್ಲ. ಮಲೆನಾಡಿನ ಸೀತಾಳೆದಂಡೆಯಂತೆ ಮರವನ್ನು ಕೂರುವ ಜಾಗವಾಗಿ ಮಾತ್ರ ಬಳಸುತ್ತವೆ. ಬೇರಿನ ಕೆಲಸ ಕೊಂಬೆಯನ್ನು ಹಿಡಿದುಕೊಳ್ಳುವುದಷ್ಟೇ; ನೀರು ಕುಡಿಯುವುದು ಎಲೆ. ಎಲೆಯ ಮೇಲಿರುವ ಬೂದಿಬಣ್ಣದ ಸೂಕ್ಷ್ಮ ಹೊಟ್ಟುಗಳು ಮಳೆ ಮಂಜುಗಳ ತೇವವನ್ನು ಒಳಕ್ಕೆಳೆದುಕೊಳ್ಳುತ್ತವೆ. ಹಗಲಿನ ಬಿಸಿಲಿಗೆ ನೀರು ಆರಿಹೋಗದಂತೆ ಎಲೆಯ ರಂಧ್ರಗಳು ಮುಚ್ಚಿಕೊಂಡಿದ್ದು, ರಾತ್ರಿ ತೆರೆದು ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತವೆ.

ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. 17ನೇ ಶತಮಾನದಲ್ಲಿ ಫಿನ್‌ಲೆಂಡಿನ ಟುರ್ಕುವಿನಲ್ಲಿ ಎಲಿಯಾಸ್ ಟಿಲ್ಲಾಂಡ್ಸ್ ಎಂಬ ವೈದ್ಯನಿದ್ದ, ಸಸ್ಯಶಾಸ್ತ್ರಜ್ಞನೂ ಹೌದು. ಒಮ್ಮೆ ಸಮುದ್ರಯಾನದಲ್ಲಿ ಹೈರಾಣಾದ ಆತ, ಮರಳುವಾಗ ಹಡಗಿನ ಸಹವಾಸವೇ ಬೇಡವೆಂದು ಕೊಲ್ಲಿಯನ್ನು ಸುತ್ತುಬಳಸಿ ನೆಲದ ಮೇಲೇ ಬಂದನಂತೆ. ಮಣ್ಣಿನ ತೇವವನ್ನು ಒಲ್ಲದ ಈ ಗಿಡಕ್ಕೆ ಜೀವಿ ವರ್ಗೀಕರಣಶಾಸ್ತ್ರದ ಪಿತಾಮಹ ಲಿನೇಯಸ್ ಆ ನೀರಂಜುಕನ ಹೆಸರನ್ನೇ ಇಟ್ಟ.

ಬೆರಕೆಯ ಚೆಲುವು

ಟಿಲಾಂಡ್ಸಿಯಾದಲ್ಲಿ ಆರುನೂರಕ್ಕೂ ಹೆಚ್ಚು ಜಾತಿಗಳಿವೆ. ಅಮೆರಿಕದ ದಕ್ಷಿಣ ರಾಜ್ಯಗಳಿಂದ ಅರ್ಜೆಂಟೀನಾದವರೆಗೆ ಇವುಗಳ ನೆಲೆ. ಭಾರತದಲ್ಲಿ ಇವು ತಾವಾಗಿ ಬೆಳೆಯುವುದಿಲ್ಲ. ಒಂದೇ ಕೊಂಬೆಯಲ್ಲಿ ಎರಡು ಮೂರು ಜಾತಿಗಳು ಒಟ್ಟಿಗೆ ಹೂಬಿಟ್ಟಾಗ ಪರಾಗ ಅತ್ತಿಂದಿತ್ತ ಸಾಗಿ ಬೆರಕೆ ಸಂತಾನ ಹುಟ್ಟುವುದುಂಟು. ಫ್ಲೋರಿಡಾದ ಕಾಡುಗಳಲ್ಲಿ ಕಾಣುವ ‘ಸ್ಮಾಲಿಯಾನಾ’ ಹೀಗೆ ಹುಟ್ಟಿದ್ದು. ಕೆಂಪು ತೆನೆಯ ‘ಫ್ಯಾಸಿಕ್ಯುಲಾಟಾ’ ಮತ್ತು ಬುಡ ಉಬ್ಬಿದ ‘ಬಾಲ್ಬಿಸಿಯಾನಾ’ ಅದರ ತಾಯಿತಂದೆಗಳು.

ಪ್ರಕೃತಿ ಮಾಡಿದ್ದನ್ನೇ ಹವ್ಯಾಸಿಗಳು ಗಾಜಿನ ಮನೆಯಲ್ಲಿ ಸಣ್ಣ ಕುಂಚ ಹಿಡಿದು ಮಾಡುತ್ತಾರೆ. ಒಂದು ಹೂವಿನ ಪರಾಗವನ್ನು ಇನ್ನೊಂದರ ಶಲಾಕೆಗೆ ಮುಟ್ಟಿಸುವುದು ಕ್ಷಣದ ಕೆಲಸ. ಫಲಕ್ಕೆ ಕಾಯುವುದು ವರ್ಷಗಳ ತಪಸ್ಸು. ಬೀಜ ಬಲಿಯಬೇಕು, ಹುಲ್ಲಿನ ಎಸಳಿನಂಥ ಸಸಿ ಬದುಕಬೇಕು, ಅದು ಹೂ ಬಿಡುವ ತನಕ ಕಾಯಬೇಕು. ಚೆನ್ನಾಗಿ ಬಂದರೆ ಹೆಸರಿಟ್ಟು, ಬುಡದಲ್ಲಿ ಒಡೆಯುವ ಕಂದುಗಳಿಂದ, ನಾವು ಬಾಳೆ ಬೆಳೆಸುವಂತೆ, ವೃದ್ಧಿ ಮಾಡುತ್ತಾರೆ. 1950ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಬ್ರೊಮೀಲಿಯಡ್ ಸೊಸೈಟಿ ಇಂಥ ತಳಿಗಳ ಜಾತಕವನ್ನು ದಾಖಲಿಸಿಡುತ್ತದೆ. ಫ್ಲೋರಿಡಾದ ಒರ್ಲ್ಯಾಂಡೊದಲ್ಲಿದ್ದ ಮಲ್ಫರ್ಡ್ ಫಾಸ್ಟರ್ ಅದರ ಮೊದಲ ಅಧ್ಯಕ್ಷರು.

ಇಂದು ಮನೆಗಳಲ್ಲಿ ಬೆಳೆಸುವ ‘ಕಾಟನ್ ಕ್ಯಾಂಡಿ’ ದಕ್ಷಿಣ ಅಮೆರಿಕದ ‘ಸ್ಟ್ರಿಕ್ಟಾ’ ಮತ್ತು ‘ರಿಕರ್ವಿಫೋಲಿಯಾ’ಗಳ ಕೂಸು. ಹೂತೆನೆ ಬೊಂಬಾಯಿ ಮಿಠಾಯಿಯ ಗುಲಾಬಿ ಬಣ್ಣ. ‘ಎರಿಕ್ ನಾಬ್ಲಾಕ್’ ಎಂಬ ತಳಿ ಹೂಬಿಡುವಾಗ ಕೆಂಪೇರುವ ‘ಬ್ರಾಕಿಕಾಲೋಸ್’ ಮತ್ತು ಗುಂಗುರು ಎಲೆಯ ‘ಸ್ಟ್ರೆಪ್ಟೊಫಿಲ್ಲಾ’ ಎರಡರ ಗುಣವನ್ನೂ ಹೊತ್ತಿದೆ. ಒಳ್ಳೆಯ ಬೆರಕೆ ತಳಿಗಳು ತಾಯಿತಂದೆಗಳಿಗಿಂತ ಗಟ್ಟಿಮುಟ್ಟಾಗಿ, ಬೇಗ ಬೆಳೆಯುತ್ತವೆ. ಹೊಸಬರು ಇವುಗಳಿಂದಲೇ ಆರಂಭಿಸುವುದು ಕ್ಷೇಮ.

ಕಳ್ಳರು ಮತ್ತು ಮೂತಿಹುಳು

ನರ್ಸರಿಯಲ್ಲಿ ಗಿಡ ಹುಟ್ಟಿದರೆ ಕಾಡಿನ ಗಿಡ ಉಳಿಯುತ್ತದೆ ಎನ್ನುವುದು ನೇರ ಲೆಕ್ಕ. ಫಕಹ್ಯಾಚಿಯ ಅನುಭವ ಬೇರೆ ಮಾತನ್ನೂ ಹೇಳುತ್ತದೆ. 1994ರಲ್ಲಿ ಈ ಕಾಡಿನಿಂದ ಇನ್ನೂರಕ್ಕೂ ಹೆಚ್ಚು ಆರ್ಕಿಡ್ ಮತ್ತು ಬ್ರೊಮೀಲಿಯಡ್‌ಗಳನ್ನು ಚೀಲಗಳಲ್ಲಿ ತುಂಬಿಕೊಂಡು ಬರುತ್ತಿದ್ದವರು ಸಿಕ್ಕಿಬಿದ್ದರು. ಅಪರೂಪದ ‘ಗೋಸ್ಟ್ ಆರ್ಕಿಡ್’ ಅನ್ನು ನರ್ಸರಿಯಲ್ಲಿ ಸಾವಿರಗಟ್ಟಲೆ ಬೆಳೆಸಿ ಮಾರುವುದು ಅವರ ಯೋಜನೆಯಾಗಿತ್ತು. ಈ ಪ್ರಕರಣವನ್ನು ಕುರಿತು ಸೂಸನ್ ಒರ್ಲೀನ್ 1998ರಲ್ಲಿ ‘ದಿ ಆರ್ಕಿಡ್ ಥೀಫ್’ ಪುಸ್ತಕ ಬರೆದರು. ನರ್ಸರಿಯ ಹೆಸರಿನಲ್ಲೇ ಕಾಡಿಗೆ ಕನ್ನ ಬೀಳಬಹುದು.

ಕಳ್ಳರನ್ನು ಹಿಡಿಯಲು ವನಪಾಲಕರಿದ್ದಾರೆ. ಹುಳುವನ್ನು ಹಿಡಿಯುವವರಾರು? 1989ರಲ್ಲಿ ಫೋರ್ಟ್ ಲಾಡರ್‌ಡೇಲ್ ಪ್ರದೇಶದಲ್ಲಿ ಒಂದು ಹೊಸ ಮೂತಿಹುಳು ಕಾಣಿಸಿಕೊಂಡಿತು. ಮೆಕ್ಸಿಕೋದ ವೆರಾಕ್ರೂಸ್‌ನಿಂದ ತರಿಸಿದ ಬ್ರೊಮೀಲಿಯಡ್‌ಗಳ ಜೊತೆ ಬಂದದ್ದು ಅದು. ನಮ್ಮ ತೆಂಗಿನ ತೋಟಗಳನ್ನು ಕಾಡುವ ಕೆಂಪು ಮೂತಿಹುಳುವಿನ ದೂರದ ಬಂಧು. ಇದರ ಮರಿಹುಳು ಗಿಡದ ಸುಳಿಯನ್ನೇ ಕೊರೆದು ತಿನ್ನುತ್ತದೆ. ಸುಳಿ ಹೋದ ಗಿಡ ಕೊಂಬೆಯಿಂದ ಕಳಚಿ ಬೀಳುತ್ತದೆ.

ಹೆಚ್ಚು ಪೆಟ್ಟು ತಿಂದದ್ದು ‘ಯುಟ್ರಿಕ್ಯುಲಾಟಾ’ ಎಂಬ ದೈತ್ಯ ಗಾಳಿಗಿಡ. ಇದು ಹತ್ತು ವರ್ಷಕ್ಕೂ ಮಿಕ್ಕಿ ಬೆಳೆದು, ಬಾಳಿನಲ್ಲಿ ಒಂದೇ ಬಾರಿ ಹೂಬಿಟ್ಟು, ಬೀಜ ತೂರಿ ಸಾಯುತ್ತದೆ. ಫ್ಲೋರಿಡಾದಲ್ಲಿ ಇದು ಸಾಮಾನ್ಯವಾಗಿ ಕಂದು ಒಡೆಯುವುದಿಲ್ಲ. ಹೂವಿಗೆ ಮೊದಲೇ ಹುಳು ಬಿದ್ದರೆ ಆ ಗಿಡದ ವಂಶ ಅಲ್ಲಿಗೆ ಮುಗಿಯಿತು. ಒಂದು ಕಾಲಕ್ಕೆ ಎಲ್ಲೆಲ್ಲೂ ಕಾಣುತ್ತಿದ್ದ ಯುಟ್ರಿಕ್ಯುಲಾಟಾ, ಫ್ಯಾಸಿಕ್ಯುಲಾಟಾ ಎರಡೂ ಈಗ ಫ್ಲೋರಿಡಾ ಸರ್ಕಾರದ ಅಳಿವಿನಂಚಿನ ಗಿಡಗಳ ಪಟ್ಟಿಯಲ್ಲಿವೆ. ಹೊಂಡುರಾಸ್‌ನಿಂದ ತಂದ ಒಂದು ಪರಾವಲಂಬಿ ನೊಣವನ್ನು 2007ರಲ್ಲಿ ಹುಳುವಿನ ಮೇಲೆ ಬಿಡಲಾಯಿತು. ಹುಳುವಿನ ಹಾವಳಿ ನಿಲ್ಲಲಿಲ್ಲ. ಈ ಹುಳುವನ್ನು ಯಾರೂ ಬೇಕೆಂದು ತರಲಿಲ್ಲ. ಚೆಂದದ ಗಿಡ ಬೇಕೆಂದವರು ಗಿಡ ತರಿಸಿದರು, ಹುಳು ಅದರೊಳಗೆ ಕೂತು ಬಂತು.

ಕೊಳ್ಳುವ ಮುನ್ನ

ಬೆಂಗಳೂರಿನ ನರ್ಸರಿಗಳಲ್ಲೂ ಈಗ ಗಾಳಿಗಿಡಗಳು ಸಿಗುತ್ತವೆ. ಸಾಕುವುದು ಕಷ್ಟವೇನಲ್ಲ. ನೇರ ಮಧ್ಯಾಹ್ನದ ಬಿಸಿಲು ಬೀಳದ, ಆದರೆ ಬೆಳಕೂ ಗಾಳಿಯೂ ಆಡುವ ಕಿಟಕಿ ಸಾಕು. ವಾರಕ್ಕೊಮ್ಮೆ ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿ, ಸುಳಿಯಲ್ಲಿ ನೀರು ನಿಲ್ಲದಂತೆ ತಲೆಕೆಳಗಾಗಿ ಒಣಗಿಸಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮುಳುಗಿಸುವ ಗೊಡವೆಯೇ ಬೇಡ. ಒಣಗಿಸುವುದೇ ದೊಡ್ಡ ಕೆಲಸ. ತಾಮ್ರದ ತಂತಿಯಲ್ಲಿ ಮಾತ್ರ ಕಟ್ಟಬೇಡಿ, ತಾಮ್ರ ಈ ಗಿಡಗಳಿಗೆ ವಿಷ.

ಅದಕ್ಕಿಂತ ಮುಖ್ಯವಾದದ್ದು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ: ‘ಈ ಗಿಡ ಎಲ್ಲಿ ಹುಟ್ಟಿದ್ದು?’ ಹೆಸರು, ಜಾತಕ ಇರುವ ಬೆರಕೆ ತಳಿಯಾದರೆ ಅದು ಕಾಡಿನಿಂದ ಕಿತ್ತದ್ದಲ್ಲ ಎಂಬ ಭರವಸೆ ಹೆಚ್ಚು. ಬೆಳ್ಳಿಬಣ್ಣದ ‘ಜೆರೋಗ್ರಾಫಿಕಾ’ದಂಥ ಕಾಡುಜಾತಿಯಾದರೆ ಇನ್ನಷ್ಟು ಎಚ್ಚರ ಬೇಕು, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಿಂದ ಸೈಟಿಸ್ ಒಪ್ಪಂದದ ಕಡಿವಾಣವಿದೆ. ವಿದೇಶದಿಂದ ಬರುವ ಗಿಡಕ್ಕೆ ಆಮದು ಪರವಾನಗಿ, ರೋಗವಿಲ್ಲವೆಂಬ ಪ್ರಮಾಣಪತ್ರ ಇರಬೇಕೆಂದು ನಮ್ಮ ಕಾನೂನೂ ಹೇಳುತ್ತದೆ. ಪ್ರವಾಸ ಹೋದವರು ಬಟ್ಟೆಗಳ ನಡುವೆ ಒಂದು ಗಿಡ ಸುತ್ತಿ ತಂದುಬಿಡುವುದು ಸುಲಭ. ಅದರ ಸುಳಿಯಲ್ಲಿ ಏನು ಅಡಗಿದೆಯೆಂದು ಹೊರಗಿನಿಂದ ಕಾಣುವುದಿಲ್ಲ. ಅನಾನಸಿನ ತೋಟಗಳಿರುವ ನಮ್ಮ ನಾಡಿನಲ್ಲಿ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.