ಪಂಚಮಿಗೆ ಉಗುರಿಗೆ ಬಣ್ಣಾ ಹಚ್ಚಿದ್ದು

ಏನ್ರೆವಾ, ಪಂಚಮಿ ಉಂಡಿ ಎಲ್ಲಾರ ಮನ್ಯಾಗೂ ಖಾಲಿ ಆದ್ವೋ, ಇನ್ನೂ ಡಬ್ಬಿ ತಳದಾಗ ಅದಾವೋ? ನಮ್ಮನ್ಯಾಗ ಎಳ್ಳುಂಡಿ ನಾಕ ಉಳದಾವ, ಯಜಮಾನರ ಕಣ್ಣಿಗೆ ಬೀಳಧಂಗ ಇಟ್ಟೇನಿ. ಈ ಸಲ ಅಡಗಿ ಸುದ್ದಿ ಅಲ್ಲ, ಉಗುರಿನ ಸುದ್ದಿ ಬರದೇನಿ. ನಗಬ್ಯಾಡ್ರಿ, ಪೂರ್ತಿ ಓದ್ರಿ.

ನಾವು ಸಣ್ಣಾವರಿದ್ದಾಗ ಪಂಚಮಿ ಅಂದ್ರ ಮದರಂಗಿ. ಹಿತ್ತಲದಾಗಿನ ಗಿಡದ ಎಲಿ ಹರಕೊಂಡ ಬಂದು ಒಳಕಲ್ಲಿನ್ಯಾಗ ನುಣ್ಣಗ ಅರೀತಿದ್ಲು ನಮ್ಮವ್ವ. ಅಂಗೈ ನಡಬರಕ ಒಂದ ದೊಡ್ಡ ಚುಕ್ಕಿ, ಹತ್ತೂ ಬೆರಳಿಗೆ ಟೊಪ್ಪಿಗಿ, ಮ್ಯಾಲೆ ಹಳೇ ಬಟ್ಟಿ ಕಟ್ಟಿ ಮಲಗಸೋದು. ಅಂಗೈಯಾಗಿನ ಬಣ್ಣಾ ಎರಡ ವಾರಕ್ಕ ಹೋಗತಿತ್ತು. ಉಗುರಿಂದು ಮಾತ್ರ ಹೋಗತಿದ್ದಿಲ್ಲ. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೀತೈತಿ, ಬುಡದಾಗಿನ ಬಣ್ಣಾ ತುದಿಗೆ ಬರಾಕ ಐದಾರ ತಿಂಗಳ ಬೇಕು. ಹಿಂಗಾಗಿ ಸಂಕ್ರಾಂತಿ ತನಕಾನೂ ಉಗುರಿನ ತುದಿಗೆ ಕೆಂಪನ ಗೆರಿ ಇರತಿತ್ತು.

ಈಗ ಮದರಂಗಿ ಅರಿಯಾವರು ಯಾರು? ನನ್ನ ಮಗಳು ಪುಣೇದಿಂದ ಬರೂಮುಂದ ಒಂದ ಚೀಲ ತುಂಬ ನೇಲ್ ಪಾಲಿಶ್ ಬಾಟ್ಲಿ ತಂದಿದ್ಲು. "ಅವ್ವಾ, ಪಾರ್ಲರದಾಗ ಇದಕ್ಕ ರೊಕ್ಕ ಭಾಳ ತಗೋತಾರ. ಮನ್ಯಾಗ ಮಾಡೂಣು, ನಾ ಕಲಸತೇನಿ" ಅಂದ್ಲು. ರೊಟ್ಟಿ ಪಂಚಮಿ ದಿನ ಮಧ್ಯಾಹ್ನ ಪಡಸಾಲ್ಯಾಗ ಚಾಪಿ ಹಾಸಿ ಕುಂತಿವಿ.

ಅಕಿ ಕಲಿಸಿದ್ದು ನಿಮಗೂ ಹೇಳತೇನಿ. ಮೊದಲ ಉಂಡಿ ಕಟ್ಟೋ ಕೆಲಸ ಎಲ್ಲಾ ಮುಗಸಬೇಕು. ಹಿಂದಾಗಡೆ ಹಿಟ್ಟಿನ್ಯಾಗ ಕೈ ಹಾಕಿದ್ರ ಬಣ್ಣಾ ಚಕ್ಕಳಿ ಎದ್ದು ಉಂಡ್ಯಾಗ ಹೊಕ್ಕೈತಿ. ಕೈಗೆ ತುಪ್ಪ, ಎಣ್ಣಿ ಇದ್ರ ಬಣ್ಣಾ ಹಿಡ್ಯಂಗಿಲ್ಲ. ಅದಕ್ಕ ಸಾಬಣಿಲೆ ಕೈ ತೊಳದು, ಒಣಾ ಮಾಡಿ, ಹತ್ತಿ ಮ್ಯಾಲೆ ಒಂದ ಹನಿ ರಿಮೂವರ್ ಹಾಕಿ ಉಗುರು ಒರಸಬೇಕು. ಉಗುರಿನ ಬುಡದ ಚರ್ಮ ಕತ್ತರಸಬಾರದು. ಮೊದಲ ಬಣ್ಣಾ ಇಲ್ಲದ್ದು ಒಂದ ಕೈ, ಆಮ್ಯಾಲೆ ಬಣ್ಣಾದ್ದು ತೆಳ್ಳಗ ಎರಡ ಕೈ. ದಪ್ಪನ ಒಂದ ಸಲ ಹಚ್ಚಿದ್ರ ಮ್ಯಾಲೆ ಒಣಗಿದಂಗ ಕಾಣತೈತಿ, ಒಳಗ ಹಸೀನ ಇರತೈತಿ. ನಡಕ ಎರಡ ಮೂರ ನಿಮಿಷ ತಡೀರಿ. ಕಡೀಕ ಮತ್ತ ಬಣ್ಣಾ ಇಲ್ಲದ್ದು ಒಂದ ಕೈ. ಮತ್ತ ಒಂದ ಮಾತು, ಈ ಬಾಟ್ಲಿಗೋಳು, ಅದರಾಗೂ ರಿಮೂವರ್, ಲಗೂನ ಬೆಂಕಿ ಹಿಡ್ಯೂವಂಥಾವು. ದೇವರ ದೀಪ, ಗ್ಯಾಸ್ ಒಲಿ ಹತ್ತಿರ ಇಟಗೋಬ್ಯಾಡ್ರಿ.

ಚಿತ್ರಕ್ಕ ಬ್ರಶ್ ಬೇಕಂತಿಲ್ಲ. ಹೇರ್‌ಪಿನ್ನಿನ ಗುಂಡಿ ತುದಿ ಬಣ್ಣಾದಾಗ ಅದ್ದಿ ಇಟ್ರ ಚುಕ್ಕಿ. ನನ್ನ ಮಗಳು ಹೂವು ಬಳ್ಳಿ ಅಂತ ಮಾಡಾಕತ್ತಿದ್ಲು. ನಾ ಅಂದೆ, ಪಂಚಮಿಗೆ ಪಂಚಮಿದ ಇರಬೇಕು. ಹಸರ ಬಣ್ಣದ ಮ್ಯಾಲೆ ಬಿಳೇ ಚುಕ್ಕಿ ಮೂರ ಮೂರ ಕೂಡಿಸಿ ಇಟ್ಟೆ, ಥೇಟ ಜ್ವಾಳದ ಅಳ್ಳು! ಕಂದ ಬಣ್ಣಕ್ಕ ಸಣ್ಣ ಸಣ್ಣ ಬಿಳೇ ಚುಕ್ಕಿ ಇಟ್ರ ಎಳ್ಳುಂಡಿ. ಬಾಜೂಮನಿ ಹುಡುಗ್ಯಾರು, ಅವರ ಅವ್ವಂದಿರು ಎಲ್ಲಾ ಬಂದು ಸಾಲಾಗಿ ಕುಂತ್ರು. ನೀವೂ ಇದ್ರೆಲ್ಲಾ, ಗೊತ್ತೈತಿ ನಿಮಗ.

ನಮ್ಮ ನಾದಿನಿನೂ ಬಂದಿದ್ಲು ತವರಮನಿಗೆ. ನವಲಗುಂದ ಕಡೆ ಹಳ್ಳಿಗೆ ಕೊಟ್ಟೇವಿ ಅಕಿನ್ನ. ಹೋದ ವರ್ಷದ ಹಿಂದಿನ ವರ್ಷ ಅಕಿ ಯಜಮಾನರು ಹೋದ್ರು. ಆಮ್ಯಾಲೆ ಪಂಚಮಿಗೆ ಬಂದದ್ದು ಇದ ಮೊದಲು. ಬಾಗಲಾ ಹತ್ತಿರ ಕುಂತು ಬೆಳ್ಳೊಳ್ಳಿ ಸುಲಿಯಾಕತ್ತಿದ್ಲು. ಸಾಲಿನ್ಯಾಗ ಎಲ್ಲಾರ ಕೈ ಹಿಡದೆ ನಾನು, ಆರು ವರ್ಷದ ಹುಡುಗಿಂದ ಹಿಡದು ಅರವತ್ತರ ಅಜ್ಜಿ ತನಕ. ಅಕಿ ಕೈ ಮಾತ್ರ ಹಿಡೀಲಿಲ್ಲ, ಕೇಳಲೂ ಇಲ್ಲ. ಕೇಳಿದ್ರ ಅಕಿಗೆ ನೋವಾದೀತು ಅಂತ ನನಗ ನಾನ ಹೇಳಕೊಂಡೆ. ಖರೇ ಹೇಳಬೇಕಂದ್ರ, ಗಂಡ ಇಲ್ಲದಾಕಿಗೆ ಬಣ್ಣಾ ಹಚ್ಚಿದ್ರ ಕುಂತ ಮಂದಿ ಏನಂದಾರು ಅಂತ ನನಗ ಅಂಜಿಕಿ. ನೀವು ಯಾರೂ ಏನೂ ಅಂದಿದ್ದಿಲ್ಲ, ತಪ್ಪ ತಿಳೀಬ್ಯಾಡ್ರಿ. ಅಂಜಿಕಿ ನಂದು.

ಎಲ್ಲಾರೂ ಹೋದ ಮ್ಯಾಲೆ ಬಾಟ್ಲಿ ಮುಚ್ಚಿ ಇಡಾಕತ್ತಿದ್ದೆ. ಅಕಿ ಬಂದು ಬಾಜೂ ಕುಂತ್ಲು. "ವೈನಿ, ನನಗ ಬಣ್ಣಾ ಬ್ಯಾಡ್ರಿ. ಎಡಗೈ ಉಗುರಷ್ಟ ಕತ್ತರಿಸಿ ಕೊಡತೀರೇನ್ರಿ?" ಅಂದ್ಲು.

ಕೈ ನೋಡಿದೆ. ಉಗುರು ಒಂದೊಂದು ಒಂದೊಂದ ನಮೂನಿ, ತುದಿ ಹರದಾವ, ಒಂದಕ್ಕ ರಕ್ತ ಕಟ್ಟೇತಿ. ಮೂರ ವರ್ಷದ ಹಿಂದ ಪಾವಟಿಗಿ ಮ್ಯಾಲೆ ಬಿದ್ದು ಅಕಿ ಬಲಗೈ ಮಣಿಕಟ್ಟು ಮುರದಿತ್ತು. ಕೂಡೇತಿ, ಆದ್ರ ನೇಲ್ ಕಟರ್ ಒತ್ತೋವಷ್ಟು ಬಲ ಬರಲಿಲ್ಲ. "ಇವರಿದ್ದಾಗ ಐತವಾರಕ್ಕೊಮ್ಮೆ ಕಟ್ಟಿ ಮ್ಯಾಲೆ ಕುಂಡ್ರಿಸಿ ಕತ್ತರಸತಿದ್ರು ವೈನಿ. ಈಗ ಹಲ್ಲಿಲೆ ಕಡಕೋತೇನ್ರಿ. ಮಗನ್ನ ಕೇಳಾಕ ನಾಚಿಕಿ, ಸೊಸಿಗೆ ಹೇಳಾಕ ಮನಸಾಗವಲ್ದು" ಅಂದ್ಲು.

ನನಗ ಮಾತ ಬರಲಿಲ್ಲ. ಎರಡ ವರ್ಷ ವಾರಕ್ಕೊಮ್ಮೆ ಫೋನ ಮಾಡಿ "ಆರಾಮ ಅದಿಯೇನವಾ" ಅಂತ ಕೇಳೇನಿ. ಉಗುರು ಯಾರ ಕತ್ತರಸತಾರ ಅಂತ ಯಾರ ಕೇಳತಾರ ಹೇಳ್ರಿ?

ಬೋಗಾಣ್ಯಾಗ ಉಗುರಬೆಚ್ಚಗಿನ ನೀರ ಹಾಕಿ ಎರಡೂ ಕೈ ನೆನಸಿಸಿದೆ. ಹತ್ತೂ ಉಗುರು ಕತ್ತರಿಸಿ ಫೈಲಿಲೆ ತಿಕ್ಕಿ ನುಣುಪ ಮಾಡಿದೆ. ಕೊಬ್ಬರೆಣ್ಣಿ ಹಚ್ಚಿ ತಿಕ್ಕಿದೆ. ಕಾಲಿನವೂ ಹಂಗ ಮಾಡಿದೆ, ಬ್ಯಾಡ ಬ್ಯಾಡ ಅಂತ ಕಾಲ ಹಿಂದ ಎಳಕೊಂಡ್ಲು, ನಾ ಬಿಡಲಿಲ್ಲ. ಆಮ್ಯಾಲೆ ಬಾಟ್ಲಿ ಚೀಲ ಅಕಿ ಮುಂದ ಇಟ್ಟು ಅಂದೆ, "ನಾ ಆಗ ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೇಳತೇನಿ. ಹಚ್ಚಲೇನು?"

ಭಾಳ ಹೊತ್ತ ಸುಮ್ನ ಇದ್ಲು. ಹಿಂದಾಗಡೆ ಒಂದೊಂದ ಬಾಟ್ಲಿ ಎತ್ತಿ ಬೆಳಕಿಗೆ ಹಿಡದು ನೋಡಿ, ಉಳ್ಳಾಗಡ್ಡಿ ಸಿಪ್ಪಿ ಬಣ್ಣದ್ದು ಆರಿಸಿದ್ಲು. ಎಣ್ಣಿ ಮತ್ತ ಒರಸಿ ತೆಗದು ಕೈಗೆ, ಕಾಲಿಗೆ ಎರಡಕ್ಕೂ ಹಚ್ಚಿದೆ. ಚುಕ್ಕಿ ಇಡಲೇನು ಅಂದ್ರ "ಒಂದ ಬೆರಳಿಗೆ ಇಡ್ರಿ, ಅಳ್ಳು ಕಂಡಂಗ" ಅಂದ್ಲು. ಕಿರಿಬೆರಳಿಗೆ ಮೂರ ಚುಕ್ಕಿ ಇಟ್ಟೆ. ಮರುದಿನ ಹುತ್ತಕ್ಕ ಹಾಲ ಹಾಕಾಕ ಹೋದಾಗ ಸೆರಗಿನ್ಯಾಗ ಕೈ ಮುಚಗೊಂಡಿದ್ಲು. ಪಂಚಮಿ ದಿನ ಜೋಕಾಲಿ ಮ್ಯಾಲೆ ಕುಂತ ಎರಡೂ ಹಗ್ಗ ಹಿಡದಾಗ ಮಾತ್ರ ಕೈ ತಾನ ಹೊರಗ ಬಂತು.

ಊರಿಗೆ ಹೊಂಟಾಗ ಉಂಡಿ ಡಬ್ಬಿ ಕೂಡ ರಿಮೂವರ್ ಬಾಟ್ಲಿನೂ ಇಟ್ಟೆ. ಇಟಗೋಬೇಕೋ ಬ್ಯಾಡೋ ಅಕಿ ಇಷ್ಟ, ಅಲ್ಲಿ ಸಂಸಾರ ಮಾಡಾಕಿ ಅಕಿ. ರಾತ್ರಿ ಫೋನ ಬಂತು. "ವೈನಿ, ಬಸ್ಸಿನ್ಯಾಗ ಕೈದು ಒರಸಿದೆ. ನಮ್ಮತ್ತಿ ಇನ್ನೂ ಅದಾರ್ರಿ" ಅಂದ್ಲು. ನನ್ನ ಜೀವ ಚುರ್ ಅಂತು. ಒಂದೆರಡ ಕ್ಷಣ ಬಿಟ್ಟು ಮೆಲ್ಲಕ ಅಂದ್ಲು, "ಕಾಲಿಂದು ಹಂಗ ಐತ್ರಿ. ಸೀರಿ ನಿರಿಗಿ ಮುಚ್ಚತೈತಿ."

ಇದನ್ನ ಅಕಿನ್ನ ಕೇಳೇ ಬರದೇನಿ. "ಬರೀರಿ, ಹೆಸರ ಹಾಕಬ್ಯಾಡ್ರಿ" ಅಂದಾಳ. ತಿಂಗಳಿಗೊಮ್ಮೆ ಹೋಗಿ ಉಗುರು ಕತ್ತರಿಸಿ ಬರತೇನಿ ಅಂತ ಹೇಳೇನಿ, ನವಲಗುಂದ ಏನ ದೂರಲ್ಲ. ದೀಪಾವಳಿಗೆ ಮತ್ತ ಎಲ್ಲಾರೂ ಬರ್ರಿ, ಬಾಟ್ಲಿ ಇನ್ನೂ ಅದಾವ. ಆವಾಗ ಸಾಲಿನ್ಯಾಗ ಮೊದಲ ಕೈ ಯಾರದು ಹಿಡೀತೇನಿ ಅಂತ ಈಗ ಹೇಳಿ ಇಟ್ಟೇನಿ, ಯಾರೂ ಸಿಟ್ಟ ಆಗಬಾರದು.