ಕಾಣಿಕೆ ಕೇಳಲು ಹೋದವನು

ನಮ್ಮೂರಿನ ದೇವಾಲಯಕ್ಕೆ ಗಂಟೆಯಿಲ್ಲ. ಬೇವಿನ ಮರದ ಕೊಂಬೆಗೆ ತೂಗುಹಾಕಿದ ರೈಲು ಹಳಿಯ ತುಂಡೊಂದಿದೆ. ಭಾನುವಾರ ಬೆಳಿಗ್ಗೆ ಕಬ್ಬಿಣದ ಸಲಾಕೆಯಿಂದ ಅದನ್ನು ಬಾರಿಸಿದರೆ ನಾಲ್ಕು ಓಣಿಗಳಿಗೂ ಕೇಳಿಸುವುದು. 2017ರ ಮಳೆಗಾಲದ ಒಂದು ಭಾನುವಾರ ಅದನ್ನು ನಾನೇ ಮೂರು ಸಲ ಬಾರಿಸಿದೆನು. ಬಂದವರು ಹನ್ನೊಂದು ಜನ. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಶಾಲೆಯಲ್ಲಿ ಹಾಜರಿ ಕರೆದವನಿಗೆ ಜನರನ್ನು ಎಣಿಸದೆ ಇರುವುದು ಸಾಧ್ಯವಿಲ್ಲ. ತಗಡಿನ ಮಾಡಿನಿಂದ ಸೋರುತ್ತಿದ್ದ ನೀರು ಬಕೆಟ್ಟಿಗೆ ಬೀಳುವ ಶಬ್ದವು ನಮ್ಮ ಹಾಡಿಗಿಂತ ಗಟ್ಟಿಯಾಗಿ ಕೇಳುತ್ತಿತ್ತು. ಒಂದು ಕಾಲಕ್ಕೆ ನೂರಿಪ್ಪತ್ತು ಜನ ಕುಳಿತು ಹಾಡುತ್ತಿದ್ದ ಸಭೆ ಅದು.

ಅಂದಿನಿಂದ ನಾನು ಕಲಿತ ಪಾಠವೊಂದನ್ನು ವಾಚಕರ ಮುಂದೆ ನಿವೇದಿಸಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆನು. ಇದರಲ್ಲಿ ನನ್ನ ಹಿರಿಮೆಯೇನೂ ಇಲ್ಲ. ಹೆಚ್ಚಿನ ಭಾಗವು ನನ್ನ ತಪ್ಪಿನ ಕಥೆಯೇ ಆಗಿದೆ.

ನಮ್ಮ ಊರು ಮಖ್ತಲ್ ಸೀಮೆಯದು. ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು, ಸಂತೆಯಲ್ಲಿ ಎರಡರ ಜೊತೆಗೆ ಉರ್ದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳೂ, ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲೂಕುಗಳೂ ಮೈಸೂರು ರಾಜ್ಯಕ್ಕೆ ಸೇರದೆ ಆಂಧ್ರಪ್ರದೇಶಕ್ಕೆ ಸೇರಿದವು. ನಾರಾಯಣಪೇಟೆ, ಮಖ್ತಲ್‌ಗಳು ಮೊದಲೇ ಮಹಬೂಬ್‌ನಗರ ಜಿಲ್ಲೆಯಲ್ಲಿದ್ದವು. ಆಮೇಲೆ 2014ರಲ್ಲಿ ರಾಜ್ಯದ ಹೆಸರೂ, 2016 ಮತ್ತು 2019ರಲ್ಲಿ ಜಿಲ್ಲೆಗಳ ಹೆಸರೂ ಬದಲಾದವು. ಆದರೆ ನಮ್ಮ ತಾಯಂದಿರು ಜೋಳದ ರೊಟ್ಟಿ ಬಡಿಯುತ್ತ ಹಾಡುವ ಭಾಷೆ ಬದಲಾಗಲಿಲ್ಲ.

ಈ ಭಾಗದ ಕ್ರೈಸ್ತ ಸಭೆಗಳಿಗೂ ಇಂಥದೇ ಎರಡು ಬೇರುಗಳುಂಟು. ಮಹಬೂಬ್‌ನಗರ, ಗದ್ವಾಲಗಳ ಕಡೆ ಮೊದಲು ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನ್ನಿನವರೂ, 1937ರಿಂದ ಮೆನ್ನೊನೈಟ್ ಬ್ರದರನ್ ಮಿಷನ್ನಿನವರೂ ಸೇವೆ ಮಾಡಿದರು. ರಾಯಚೂರು, ಯಾದಗಿರಿಗಳ ಕಡೆ ಮೆಥೊಡಿಸ್ಟರು ಇದ್ದರು. ಆ ಕಾಲದಲ್ಲಿ ದೊರೆಗಳಂತೆ ಕಾಣುತ್ತಿದ್ದವರು ಬಂಗಲೆಯ ಮಿಷನರಿಗಳಾದರೂ, ಹಳ್ಳಿಯ ಸಭೆಗಳನ್ನು ನಿಜವಾಗಿ ಹೊತ್ತವನು ಕಡಿಮೆ ಸಂಬಳದ ಉಪದೇಶಿ. ಹಗಲು ಮಕ್ಕಳಿಗೆ ಅಕ್ಷರ ಹೇಳಿಕೊಟ್ಟು, ರಾತ್ರಿ ಕಂದೀಲು ಹಿಡಿದು ಕೇರಿಗೆ ಹೋಗಿ ಪ್ರಾರ್ಥನೆ ನಡೆಸುತ್ತಿದ್ದವನು ಅವನೇ. ನನ್ನ ಅಜ್ಜ ಅಂಥ ಒಬ್ಬ ಉಪದೇಶಿಯ ಬಳಿ ಓದು ಕಲಿತವರು.

ಹೀಗಿರುವಲ್ಲಿ ಹೆಡ್ ಮಾಸ್ತರನಾದ ನನ್ನನ್ನು ಸಭೆಯ ಕಾರ್ಯದರ್ಶಿಯನ್ನಾಗಿ ಆರಿಸಿದಾಗ ಎಲ್ಲರಿಗೂ ಅದು ಸಹಜವೆನಿಸಿತು. ನನಗಂತೂ ಬಹಳ ಸಹಜವೆನಿಸಿತು. ಕೆಡುಕು ಅಲ್ಲಿಂದಲೇ ಮೊದಲಾಯಿತು. ನಾನು ಸಭೆಯನ್ನು ಶಾಲೆಯಂತೆ ನಡೆಸತೊಡಗಿದೆನು. ಹಾಜರಿ ಪುಸ್ತಕ ಬಂತು, ಚಂದಾ ಪುಸ್ತಕ ಬಂತು. ತಡವಾಗಿ ಬಂದವರನ್ನು ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸವೂ ಬಂತು. ರಾತ್ರಿಯೆಲ್ಲ ಹೊಲಕ್ಕೆ ನೀರು ಕಟ್ಟಿ ಬಂದವನೊಬ್ಬನು ತೂಕಡಿಸಿದರೆ ಎಲ್ಲರೆದುರು ಅವನ ಹೆಸರು ಹಿಡಿದು ಎಬ್ಬಿಸಿದ್ದೆನು. ಮಾಡಿನ ದುರಸ್ತಿಗೆ ಚಂದಾ ಕೊಡದವರ ಪಟ್ಟಿಯನ್ನು ಒಂದು ಭಾನುವಾರ ಪ್ರಾರ್ಥನೆಯ ತರುವಾಯ ಗಟ್ಟಿಯಾಗಿ ಓದಿದೆನು. ಶಿಸ್ತು ಬರಲೆಂಬುದೇ ನನ್ನ ಉದ್ದೇಶವಾಗಿತ್ತು. ಮರುವಾರ ಪಟ್ಟಿಯಲ್ಲಿದ್ದವರಲ್ಲಿ ಹೆಚ್ಚಿನವರು ಬರಲಿಲ್ಲ.

ಸಭೆ ಕ್ಷೀಣಿಸಿದ್ದಕ್ಕೆ ಬೇರೆ ಕಾರಣಗಳೂ ಇದ್ದವೆಂಬುದು ನಿಜ. ಪಾಲಮೂರಿನ ಕೂಲಿಯವರೆಂದರೆ ಹೈದರಾಬಾದು, ಪುಣೆ, ಮುಂಬಯಿಗಳ ಕಟ್ಟಡದ ಗುತ್ತಿಗೆದಾರರೆಲ್ಲರೂ ಬಲ್ಲರು. ಸುಗ್ಗಿ ಮುಗಿದರೆ ಓಣಿಯಲ್ಲಿ ಮುದುಕರೂ ಮಕ್ಕಳೂ ಮಾತ್ರ ಉಳಿಯುವರು. ಉಪದೇಶವು ತೆಲುಗಿನಲ್ಲಿ ನಡೆಯುತ್ತಿದ್ದುದರಿಂದ ವಯಸ್ಸಾದ ಹೆಂಗಸರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಈ ಕಾರಣಗಳನ್ನೆಲ್ಲ ನಾನು ಚೆನ್ನಾಗಿ ಪಟ್ಟಿ ಮಾಡಿದ್ದೆನು. ನನ್ನ ಹೆಸರೊಂದನ್ನು ಬಿಟ್ಟು.

ನಾವು ಅಯ್ಯಗಾರೆಂದು ಕರೆಯುವ ನಮ್ಮ ಸಭಾಪಾಲಕರು ಒಂಬತ್ತು ಹಳ್ಳಿಗಳನ್ನು ನೋಡಿಕೊಳ್ಳಬೇಕಾದವರು. ನಮ್ಮಲ್ಲಿಗೆ ಬರುವುದು ತಿಂಗಳಿಗೊಮ್ಮೆ. ಆ ಹನ್ನೊಂದು ಜನರ ಭಾನುವಾರದ ಮುಂದಿನ ತಿಂಗಳು ಅವರು ಬಂದಾಗ ನಾನು ಲೆಕ್ಕದ ಪುಸ್ತಕಗಳನ್ನು ಮುಂದಿಟ್ಟು, “ಈ ಜನಕ್ಕೆ ಭಕ್ತಿಯೇ ಇಲ್ಲ, ಅಯ್ಯಗಾರೇ” ಎಂದೆನು. ಅವರು ಪುಸ್ತಕವನ್ನು ಮುಚ್ಚಿ ನನಗೊಂದು ಕಥೆ ಹೇಳಿದರು.

1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾನ್ ವೆಸ್ಲಿಯವರ ಸಭೆಯು ತನ್ನ ಪ್ರಾರ್ಥನಾಲಯದ ಸಾಲವನ್ನು ತೀರಿಸಬೇಕಾಗಿತ್ತು. ಪ್ರತಿಯೊಬ್ಬನೂ ವಾರಕ್ಕೊಂದು ಪೆನ್ನಿ ಕೊಡಲೆಂಬ ಸೂಚನೆ ಬಂದಾಗ, ಬಡವರು ಅಷ್ಟನ್ನೂ ಕೊಡಲಾರರೆಂದು ಕೆಲವರು ಹೇಳಿದರು. ಆಗ ಕಪ್ತಾನ್ ಫಾಯ್ ಎಂಬವನು ಎದ್ದುನಿಂತು, ಅತಿ ಬಡವರಾದ ಹನ್ನೊಂದು ಜನರನ್ನು ತನ್ನ ಪಾಲಿಗೆ ಕೊಡಬೇಕೆಂದೂ, ವಾರವಾರವೂ ಅವರ ಮನೆಗೆ ತಾನೇ ಹೋಗುವುದಾಗಿಯೂ, ಕೊಡಲಾರದವರ ಪಾಲನ್ನು ತಾನೇ ಹಾಕುವುದಾಗಿಯೂ ಹೇಳಿದನು. ಇತರರೂ ಹಾಗೆಯೇ ಹನ್ನೊಂದು ಹನ್ನೊಂದು ಜನರನ್ನು ವಹಿಸಿಕೊಂಡರು. ಹಣಕ್ಕಾಗಿ ಮನೆಮನೆಗೆ ಹೋದವರಿಗೆ ಆ ಮನೆಗಳ ಜಗಳ, ಕುಡಿತ, ಕಾಯಿಲೆ, ಕಣ್ಣೀರುಗಳು ಕಂಡವು. ಇದನ್ನು ಕೇಳಿದ ವೆಸ್ಲಿಯವರು ತಾವು ಬಹುಕಾಲದಿಂದ ಹುಡುಕುತ್ತಿದ್ದುದು ಇದೇ ಎಂದು ತಿಳಿದು, ಸಾಲ ವಸೂಲಿಯ ಆ ಏರ್ಪಾಡನ್ನೇ ಆತ್ಮಗಳ ಪಾಲನೆಯ ಏರ್ಪಾಡನ್ನಾಗಿ ಮಾಡಿದರು. ಹನ್ನೆರಡು ಜನರ ಆ ಸಣ್ಣ ಗುಂಪುಗಳು ಮೆಥೊಡಿಸ್ಟ್ ಸಭೆಗಳಿಗೆ ಬೆನ್ನೆಲುಬಾದವು.

“ನಿಮ್ಮಲ್ಲಿಗೆ ಬಂದವರೂ ಹನ್ನೊಂದೇ ಅಲ್ಲವೇ? ಬಾರದವರ ಮನೆಗೆ ನೀವೇ ಹೋಗಿರಿ. ವಾರಕ್ಕೆ ಹತ್ತು ರೂಪಾಯಿ ಕೇಳಿರಿ. ಪುಸ್ತಕ ಮಾತ್ರ ಒಯ್ಯಬೇಡಿರಿ” ಎಂದು ಹೇಳಿ ಅಯ್ಯಗಾರು ಕೊನೆಯ ಬಸ್ಸಿಗೆ ಹೊರಟುಹೋದರು.

ಒಂದು ಗುರುವಾರ ಸಂಜೆ ಹೊರಟೆನು. ಪಟ್ಟಿಯಲ್ಲಿ ಮೊದಲನೆಯ ಹೆಸರು ನಮ್ಮ ಹಿಂದಿನ ಓಣಿಯ ಒಬ್ಬ ವಿಧವೆಯದು. ನನ್ನ ಮನೆಗೂ ಆಕೆಯ ಮನೆಗೂ ಇನ್ನೂರು ಹೆಜ್ಜೆ ಇರಬಹುದು. ಎರಡು ವರ್ಷಗಳಿಂದ ನಾನು ಆ ಕಡೆ ಕಾಲಿಟ್ಟಿರಲಿಲ್ಲ. ಆಕೆ ಬಾಗಿಲಲ್ಲಿ ಕುಳಿತು ತೊಗರಿ ಕೇರುತ್ತಿದ್ದವಳು ಎದ್ದುನಿಂತಳು.

“ಬರ್ರಿ ಮಾಸ್ತರ. ನಿಮ್ಮ ಪಟ್ಟ್ಯಾಗ ನನ್ನ ಹೆಸರು ಇನ್ನಾ ಐತೇನ್ರಿ?”

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಹೆಸರು ಅಳಿಸಿಹೋಗಿರಬಹುದೆಂಬ ಹೆದರಿಕೆ ಇತ್ತು. ಕಂಬಳಿ ಹಾಸಿ ಕೂಡಿಸಿದಳು. ಒಳಗೆ ಕತ್ತಲೆಯಲ್ಲಿ ಯಾರೋ ನರಳಿದಂತಾಯಿತು. ಆಕೆಯ ಮಗ, ನನ್ನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ಹುಡುಗ. ಪುಣೆಯಲ್ಲಿ ಕಟ್ಟಡದ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡು ಐದು ತಿಂಗಳಿಂದ ಹಾಸಿಗೆ ಹಿಡಿದಿದ್ದನು. ಊರಿಗೆಲ್ಲ ಗೊತ್ತಿದ್ದ ಈ ಸಂಗತಿಯು ಸಭೆಯ ಕಾರ್ಯದರ್ಶಿಗೆ ಗೊತ್ತಿರಲಿಲ್ಲ.

“ನೀವು ಹೆಸರು ಓದಿದ್ರಲ್ಲ, ಅದರ ಹಿಂದಿನ ದಿನಾನ ಕಿವ್ಯಾಗಿನ ಬೆಂಡೋಲಿ ಮಾರಿ ದವಾಖಾನಿಗೆ ಕಳಿಸಿದ್ನಿರಿ” ಎಂದಳು. ಅಷ್ಟೇ ಹೇಳಿದಳು. ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿಯನ್ನು ನನ್ನ ಕೈಯಲ್ಲಿಟ್ಟಳು. ಬೇಡವೆಂದರೂ ಕೇಳಲಿಲ್ಲ. ಆಮೇಲೆ, “ಪ್ರಾರ್ಥನಾ ಮಾಡ್ರಿ ಮಾಸ್ತರ” ಎಂದಳು.

ಮೂವತ್ತು ವರ್ಷಗಳಿಂದ ಸಭೆಯಲ್ಲಿ ಪ್ರಾರ್ಥನೆ ಮಾಡಿದವನು ನಾನು. ಆದರೆ ಆ ಮಂಚದ ಬಳಿ ನಿಂತಾಗ ನನ್ನ ಗ್ರಾಂಥಿಕ ತೆಲುಗು ಎರಡು ವಾಕ್ಯಕ್ಕೇ ನಿಂತುಹೋಯಿತು. ಪಾಠಟಿಪ್ಪಣಿ ಇಲ್ಲದೆ ತರಗತಿಗೆ ಹೋದ ಹೊಸ ಶಿಕ್ಷಕನಂತೆ ಸುಮ್ಮನೆ ನಿಂತೆನು. ಸ್ವಲ್ಪ ಹೊತ್ತಾದ ಮೇಲೆ ಆ ತಾಯಿಯೇ ನನ್ನ ತಲೆಯ ಮೇಲೆ ಕೈಯಿಟ್ಟು ನಮ್ಮ ಮನೆಮಾತಿನಲ್ಲಿ ಪ್ರಾರ್ಥಿಸಿದಳು: “ತಂದೀ, ನಮ್ಮ ಮಾಸ್ತರಗ ಗಾಬರಿ ಆಗೈತಿ. ಅವರಿಗೆ ಧೈರ್ಯ ಕೊಡು.” ಮಗನಿಗಾಗಿ ಬೇಡಿಕೊಂಡದ್ದು ಅದರ ನಂತರ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. 1989ರಲ್ಲಿ ರಾಯಚೂರಿನಲ್ಲಿ ಶಿಕ್ಷಕರ ತರಬೇತಿ ಪಡೆಯುತ್ತಿದ್ದಾಗ ನಮ್ಮ ಹಿರಿಯ ಅಧ್ಯಾಪಕರೊಬ್ಬರು ಹೇಳುತ್ತಿದ್ದ ಮಾತು ನೆನಪಾಯಿತು. ತರಗತಿಯಲ್ಲಿ ಇಬ್ಬರು ನಪಾಸಾದರೆ ಮಕ್ಕಳನ್ನು ವಿಚಾರಿಸಿರಿ, ಅರ್ಧ ತರಗತಿಯೇ ನಪಾಸಾದರೆ ನಿಮ್ಮನ್ನು ನೀವೇ ವಿಚಾರಿಸಿಕೊಳ್ಳಿರಿ ಎಂದು. ಶಾಲೆಯಲ್ಲಿ ಪಾಲಿಸಿದ ಈ ಸೂತ್ರವನ್ನು ದೇವಾಲಯದ ಹೊಸ್ತಿಲಲ್ಲಿ ಚಪ್ಪಲಿಯ ಜೊತೆಗೇ ಬಿಟ್ಟು ಒಳಗೆ ಹೋಗುತ್ತಿದ್ದೆನು. ಮುಂದಿನ ಭಾನುವಾರ ಸಭೆಯೆದುರು ನಿಂತು, ಹೆಸರು ಓದಿದ್ದು ನನ್ನ ತಪ್ಪು, ಕ್ಷಮಿಸಿರಿ ಎಂದೆನು. ಹದಿಮೂರು ಜನ ಇದ್ದರು. ಯಾರೂ ಏನೂ ಹೇಳಲಿಲ್ಲ.

ಆಧ್ಯಾತ್ಮಿಕ ನಾಯಕತ್ವವೆಂದರೆ ವೇದಿಕೆ, ಧ್ವನಿವರ್ಧಕ, ದೂರದಿಂದ ಬರುವ ಭಾಷಣಕಾರ ಎಂದು ನಾವು ತಿಳಿಯುತ್ತೇವೆ. ನಮ್ಮ ನಾಡಿನ ನಿಜವಾದ ನಾಯಕರ ರೀತಿ ಹಾಗಿರಲಿಲ್ಲ. 1912ರಲ್ಲಿ ದೋರ್ನಕಲ್ಲಿನ ಬಿಷಪ್ಪರಾದ ವಿ. ಎಸ್. ಅಜರಯ್ಯನವರು ಆಂಗ್ಲಿಕನ್ ಸಭೆಯ ಮೊದಲನೆಯ ಭಾರತೀಯ ಬಿಷಪ್ಪರು. ತಿರುನಲ್ವೇಲಿಯ ತಮಿಳರಾದ ಅವರು ತೆಲುಗು ಕಲಿತು, ಎತ್ತಿನ ಗಾಡಿಯಲ್ಲಿ ಹಳ್ಳಿಹಳ್ಳಿ ತಿರುಗಿ, ಸಾಮಾನ್ಯ ಗ್ರಾಮಸ್ಥರನ್ನೇ ಉಪದೇಶಿಗಳನ್ನಾಗಿ, ಸಭಾಪಾಲಕರನ್ನಾಗಿ ಬೆಳೆಸಿದರು. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬನೂ ಸಾಕ್ಷಿ ಎಂಬುದು ಅವರ ಬೋಧೆಯಾಗಿತ್ತು.

ನಮ್ಮ ಕನ್ನಡದವರೇ ಆದ ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು ನೋಡಿರಿ. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ಅವರು ಊರೂರು ಅಲೆದು, ಓಲೆಗರಿಗಳನ್ನು ಹುಡುಕಿ, ಜನರ ಬಾಯಲ್ಲಿದ್ದುದನ್ನು ಕೇಳಿ ಬರೆದುಕೊಂಡು, 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿದ ಮರುವರ್ಷ, 1949ರಲ್ಲಿ, ಗುಲ್ಬರ್ಗಾದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡವರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಹೇಳುವುದಕ್ಕೆ ಮುಂಚೆ ಕೇಳಿಸಿಕೊಂಡ ಪಾದ್ರಿ ಅವರು. ನಾನಾದರೋ ಇನ್ನೂರು ಹೆಜ್ಜೆಯ ದೂರದಲ್ಲಿದ್ದ ನರಳಾಟವನ್ನು ಕೇಳಿಸಿಕೊಂಡಿರಲಿಲ್ಲ.

ಮುಂದೆ ನಾವು ಮಾಡಿದ್ದನ್ನು ಸಂಕ್ಷೇಪವಾಗಿ ಹೇಳುವೆನು. ಚಂದಾ ಕೊಡದವರ ಹೆಸರು ಓದುವುದನ್ನು ನಿಲ್ಲಿಸಿದೆವು. ನಾಲ್ಕು ಓಣಿಗಳಿಗೆ ನಾಲ್ಕು ಗುಂಪುಗಳಾದವು. ಗುರುವಾರ ಊಟವಾದ ಮೇಲೆ ಯಾರಾದರೊಬ್ಬರ ಮನೆಯಲ್ಲಿ ಕೂಡುವುದು. ಒಂದು ವಾಕ್ಯ ಓದಿ, ಒಬ್ಬೊಬ್ಬರ ಕಷ್ಟ ಕೇಳಿ, ಪ್ರಾರ್ಥಿಸುವುದು. ಭಾಷೆ ಯಾರಿಗೆ ಯಾವುದು ಬರುವುದೋ ಅದು. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್‌ರವರ ಶ್ರಮದಿಂದ 1831ರಷ್ಟು ಹಿಂದೆಯೇ ಇಡೀ ಬೈಬಲ್ ಕನ್ನಡದಲ್ಲಿ ಬಂದಿರುವಾಗ, ನಮ್ಮ ಮುದುಕಿಯರು ಅದನ್ನು ಅರ್ಧ ತಿಳಿಯುವ ಭಾಷೆಯಲ್ಲಿ ಕೇಳುತ್ತ ಕೂಡುವುದು ನ್ಯಾಯವಾಗಿರಲಿಲ್ಲ.

ಗುಂಪುಗಳನ್ನು ನಡೆಸುವವರು ಯಾರೆಂಬಲ್ಲಿ ಜಗಳವಾಯಿತು. ಒಬ್ಬಳು ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು, ಒಬ್ಬನು ಗಾರೆ ಮೇಸ್ತ್ರಿ, ಇನ್ನೊಬ್ಬಳು ನನಗಾಗಿ ಪ್ರಾರ್ಥಿಸಿದ ಆ ವಿಧವೆಯೇ. “ಓದು ಬಾರದಾಕಿ ವಾಕ್ಯ ಹ್ಯಾಂಗ ಹೇಳ್ತಾಳ?” ಎಂದು ಹಿರಿಯರೊಬ್ಬರು ಸಿಟ್ಟಾಗಿ ಎದ್ದುಹೋದರು. ಆಕೆಯ ಮೊಮ್ಮಗಳು ಓದುವಳು, ಆಕೆ ಹೇಳುವಳು ಎಂದು ತೀರ್ಮಾನವಾಯಿತು. ಆ ಹಿರಿಯರು ಇಂದಿಗೂ ತಿರುಗಿ ಬಂದಿಲ್ಲ. ಅವರ ಮನೆಗೆ ನಾನು ತಿಂಗಳಿಗೊಮ್ಮೆ ಹೋಗುತ್ತೇನೆ. ಚಹಾ ಕೊಡುತ್ತಾರೆ, ಮಳೆಬೆಳೆಯ ಮಾತಾಡುತ್ತಾರೆ, ಸಭೆಯ ಮಾತೆತ್ತಿದರೆ ಸುಮ್ಮನಾಗುತ್ತಾರೆ.

2019ರಲ್ಲಿ ಕಾರ್ಯದರ್ಶಿಯ ಕೆಲಸವನ್ನು ಒಬ್ಬ ಯುವಕನಿಗೆ ಬಿಟ್ಟುಕೊಟ್ಟೆನು. ಕುರ್ಚಿಯಿಂದ ಎದ್ದು ಚಾಪೆಯ ಮೇಲೆ ಕೂಡುವುದು ಎಷ್ಟು ಕಷ್ಟವೆಂಬುದು ಆಗ ತಿಳಿಯಿತು. ಅವನು ಲೆಕ್ಕದಲ್ಲಿ ಮಾಡುವ ತಪ್ಪು ನನಗೆ ದೂರದಿಂದಲೇ ಕಾಣುತ್ತದೆ. ತುಟಿ ಕಚ್ಚಿಕೊಂಡು ಕೂಡುತ್ತೇನೆ. 2020ರ ಬೇಸಿಗೆಯಲ್ಲಿ ಲಾಕ್‌ಡೌನಿನಿಂದ ದೇವಾಲಯ ಮುಚ್ಚಿ, ಪಟ್ಟಣಗಳಿಂದ ನಮ್ಮವರು ಬರಿಗೈಯಲ್ಲಿ ಊರಿಗೆ ಬಂದಾಗ, ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲವೆಂಬುದನ್ನು ಮೊದಲು ತಿಳಿದವರು ಆ ನಾಲ್ವರು. ಗುಂಪಿನಲ್ಲಿ ಕೂಡುವಂತಿರಲಿಲ್ಲವಾದರೂ ಮನೆಬಾಗಿಲಿಗೆ ಜೋಳದ ಹಿಟ್ಟು ತಲುಪುತ್ತಿತ್ತು.

ಈಗ ಭಾನುವಾರ ನಲವತ್ತು ಜನ ಬರುತ್ತಾರೆ. ಕ್ರಿಸ್ಮಸ್ಸಿಗೆ ಪಟ್ಟಣದವರೂ ಸೇರಿದರೆ ನೂರು. ಮಾಡಿನ ಮುಕ್ಕಾಲು ಭಾಗ ದುರಸ್ತಿಯಾಗಿದೆ. ಪೂರ್ವದ ಮೂಲೆ ಇನ್ನೂ ಸೋರುತ್ತದೆ. ಆ ಹುಡುಗನು ಕೋಲೂರಿ ನಡೆಯುತ್ತಾನೆ. ಓಡಾಡುವ ಕೆಲಸ ಅವನಿಂದ ಆಗದು; ಹಳಿ ಬಾರಿಸುವ ಕೆಲಸವನ್ನು ಅವನೇ ಕೇಳಿ ಪಡೆದಿದ್ದಾನೆ.

ಪ್ರಿಯ ವಾಚಕರೇ, ಗಡಿಯ ಈಚೆಗಿರುವ ನಮ್ಮ ಎಷ್ಟೋ ಸಣ್ಣ ಸಭೆಗಳಲ್ಲಿ ಇದೇ ಕೊರಗು ಇದೆ. ಪಟ್ಟಣದಿಂದ ಯಾರಾದರೂ ಬಂದು ಸಭೆಯನ್ನು ಎಬ್ಬಿಸುವರೆಂದು ಕಾಯುವ ಬದಲು, ಬಾರದವರ ಮನೆಯೊಂದಕ್ಕೆ ಈ ವಾರವೇ ಹೋಗಿರಿ. ಯೇಸುಸ್ವಾಮಿಯು ತನ್ನ ಕಡೆಯ ರಾತ್ರಿ ನಡುವಿಗೆ ಕೈಪಾವುಡವನ್ನು ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದನೆಂದು ನಾವು ಓದಿದ್ದೇವೆ. ಕಾಲು ತೊಳೆಯಬೇಕಾದರೆ ಎದುರಿಗಿದ್ದವನ ಕಾಲ ಬಳಿ ಕೂಡಲೇಬೇಕು. ನನ್ನ ನಿವೃತ್ತಿಗೆ ಇನ್ನು ಮೂರು ವರ್ಷಗಳಿವೆ. ಅಷ್ಟರೊಳಗೆ ಆ ಹಿರಿಯರ ಮನೆಯಲ್ಲಿ ಒಂದು ಗುರುವಾರ ಪ್ರಾರ್ಥನೆ ನಡೆಯಬೇಕೆಂಬುದು ನನ್ನ ಆಸೆ. ನಿಮ್ಮ ಪ್ರಾರ್ಥನೆಗಳಲ್ಲಿ ಅವರನ್ನೂ ನನ್ನನ್ನೂ ನೆನೆಯಬೇಕಾಗಿ ಬಿನ್ನಹ.