ಟ್ಯಾಬ್ಲೆಟ್ಟಿನ ಬೆಲೆ

ಹೆಚ್ಚು ಹಣವಿಲ್ಲದವರು ಮಗಳ ಓದಿಗಾಗಿ ಯಾವ ಟ್ಯಾಬ್ಲೆಟ್ಟನ್ನು ಕೊಳ್ಳಬೇಕೆಂದು ಪೋಷಕರು ಅನೇಕರು ನನ್ನನ್ನು ಕೇಳುವುದುಂಟು. ಉತ್ತರ ಹೇಳುವುದಕ್ಕೆ ಮೊದಲು ನಾನೇ ಮಾಡಿದ ತಪ್ಪೊಂದನ್ನು ತಮ್ಮಲ್ಲಿ ಅರಿಕೆಮಾಡುವುದು ನ್ಯಾಯವೆಂದು ತೋರುತ್ತದೆ.

2020ನೆಯ ಇಸವಿಯ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದವಷ್ಟೆ. ಆ ವರುಷ ಹರದನಹಳ್ಳಿಯ ರೈತರೊಬ್ಬರು ತೆಂಗಿನಕಾಯಿ ಮಾರಿದ ಹಣವನ್ನು ಹಿಡಿದು ನನ್ನ ಬಳಿಗೆ ಬಂದು, “ಮೇಡಮ್ಮೋರೆ, ಮಗೀಗೆ ಒಂದು ಟ್ಯಾಬು ಕೊಡಿಸಬೇಕು. ಯಾವುದು ಅಂತ ನೀವೇ ಹೇಳಿ” ಎಂದರು. ನಾನು ಬೆಲೆಯೊಂದನ್ನೇ ನೋಡಿ ಎಲ್ಲಕ್ಕಿಂತ ಅಗ್ಗವಾದುದನ್ನು ಸೂಚಿಸಿದೆನು. ಅದರಲ್ಲಿ ಸಿಮ್ ಹಾಕುವ ಸ್ಥಳವಿರಲಿಲ್ಲ; ಅವರ ಮನೆಯಲ್ಲಿ ವೈಫೈ ಇರಲಿಲ್ಲ. ತಂದೆಯ ಫೋನಿನಿಂದ ಇಂಟರ್‌ನೆಟ್ ಪಡೆಯಬೇಕು. ಆ ಫೋನಾದರೋ ಹಗಲೆಲ್ಲ ಅವರೊಡನೆ ಹೊಲದಲ್ಲಿರುತ್ತಿತ್ತು.

ಎರಡು ತಿಂಗಳ ಮೇಲೆ ನೋಟ್ ಪುಸ್ತಕಗಳನ್ನು ತಿದ್ದಲು ತರಿಸಿದಾಗ ಆ ಹುಡುಗಿಯದು ಬಹುಮಟ್ಟಿಗೆ ಬರಿದಾಗಿತ್ತು. ಅಲಕ್ಷ್ಯವೆಂದು ಬಗೆದು ಗದರಿದೆನು. ಆಕೆ ಅತ್ತಳೇ ಹೊರತು ಯಾರನ್ನೂ ದೂರಲಿಲ್ಲ. ನಿಜಸಂಗತಿಯನ್ನು ಆಕೆಯ ತಾಯಿ ತಿಳಿಸಿದರು. ನಾನು ನಾಚಿದೆನು. ಅಂದಿನಿಂದ ಪಾಠಗಳನ್ನು ಮೆಮೊರಿ ಕಾರ್ಡಿಗೆ ತುಂಬಿಸಿ ಕಳುಹಿಸುವ ಏರ್ಪಾಡಾಯಿತು.

ಅಗ್ಗವೆಂಬ ಮಾತಿಗೆ ಮರುಳಾದವಳು ನಾನೊಬ್ಬಳೇ ಅಲ್ಲ. 2011ನೆಯ ಅಕ್ಟೋಬರಿನಲ್ಲಿ ಭಾರತ ಸರ್ಕಾರವು ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಎಂಬ ಟ್ಯಾಬ್ಲೆಟ್ಟನ್ನು ಹೊರತಂದಿತು. ಅದಕ್ಕೆ ಸರ್ಕಾರ ಕೊಟ್ಟ ಬೆಲೆ ಸುಮಾರು 2,300 ರೂಪಾಯಿ. ಆದರೆ ಅದರ ತೆರೆ ಬಲವಾಗಿ ಒತ್ತಿದ ಹೊರತು ಓಗೊಡದು. ರ್‍ಯಾಮ್ ಕೇವಲ 256 ಎಂಬಿ. ಅದು ಬಹಳ ನಿಧಾನವೆಂಬ ದೂರುಗಳೆದ್ದವು. ಅದಕ್ಕೆ ಹತ್ತು ವರುಷ ಮೊದಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಇಂಜಿನಿಯರುಗಳೊಡನೆ ಸೇರಿ ‘ಸಿಂಪ್ಯೂಟರ್’ ಎಂಬ ಕೈಯಂತ್ರವನ್ನು ರೂಪಿಸಿದ್ದರು. ಬಡವರು ಹಲವರು ಕೂಡಿ ಒಂದೇ ಯಂತ್ರವನ್ನು ಬಳಸುವಂತೆ, ಪ್ರತಿಯೊಬ್ಬರಿಗೂ ತಮ್ಮ ತಮ್ಮ ಸ್ಮಾರ್ಟ್ ಕಾರ್ಡಿರಬೇಕೆಂಬುದು ಅವರ ಯೋಜನೆ. ಆ ಯಂತ್ರ ಹೆಚ್ಚಾಗಿ ಮಾರಾಟವಾಗಲಿಲ್ಲ. ಆದರೂ ಬಳಸುವವರು ಯಾರು, ಅವರ ಮನೆಯ ಸ್ಥಿತಿ ಎಂತಹದು ಎಂದು ಮೊದಲು ಕೇಳಿದ ಅವರ ಕ್ರಮವೇ ಸರಿಯಾದುದು.

ಆದಕಾರಣ ಪೋಷಕರಿಗೆ ನನ್ನ ವಿಜ್ಞಾಪನೆ ಇಷ್ಟು. ಮನೆಯಲ್ಲಿ ವೈಫೈ ಇಲ್ಲವಾದರೆ ಸಿಮ್ ಹಾಕುವಂತಹುದನ್ನೇ ಕೊಳ್ಳಿರಿ. ಊರಿನಲ್ಲಿ ಯಾವ ಸಿಮ್ಮಿಗೆ ಸಿಗ್ನಲ್ ದೊರೆಯುವುದೆಂದು ಮುಂಚೆಯೇ ವಿಚಾರಿಸಿರಿ. ರ್‍ಯಾಮ್ 4 ಜಿಬಿಗೂ ಸಂಗ್ರಹಸ್ಥಳ 64 ಜಿಬಿಗೂ ಕಡಿಮೆಯಿರದಿರಲಿ. ತೆರೆ 8 ಇಂಚಿಗಿಂತ ಚಿಕ್ಕದಾದರೆ ಪಠ್ಯಪುಸ್ತಕದ ಪುಟವನ್ನು ಓದುವ ಕಣ್ಣಿಗೆ ಶ್ರಮ. ಬಿಲ್ಲು, ವಾರಂಟಿಗಳನ್ನು ಕೇಳಿ ಪಡೆಯಿರಿ. ಹಾಸನದಲ್ಲಿ ರಿಪೇರಿ ಆಗುವುದೇ ಎಂದು ತಿಳಿಯಿರಿ. ಅಣ್ಣತಮ್ಮಂದಿರೂ ಬಳಸುವುದಾದರೆ ಒಬ್ಬೊಬ್ಬರಿಗೂ ಬೇರೆ ಖಾತೆಯನ್ನೂ, ಹೆಣ್ಣುಮಗುವಿಗೆ ತನ್ನದೇ ಆದ ಹೊತ್ತನ್ನೂ ಗೊತ್ತುಮಾಡಿರಿ. ಹೀಗೆ ಮಾಡದಿದ್ದರೆ ಮಗಳಿಗೆಂದು ಕೊಂಡದ್ದು ಮಗಳ ಕೈಗೆ ಬಾರದು.

ಆ ಹುಡುಗಿ ಈಗ ನಮ್ಮ ಹಳೆಯ ವಿದ್ಯಾರ್ಥಿನಿ. ಈಚೆಗೆ ತಂಗಿಗಾಗಿ ಟ್ಯಾಬ್ಲೆಟ್ ಕೊಳ್ಳಲು ಹೋದಾಗ ಆಕೆ ಅಂಗಡಿಯವರನ್ನು ಮೊದಲು ಕೇಳಿದ್ದು ಬೆಲೆಯನ್ನಲ್ಲವಂತೆ, “ಇದಕ್ಕೆ ಸಿಮ್ ಹಾಕಬೋದಾ?” ಎಂದು ಕೇಳಿದಳಂತೆ.